ಪೇಟದ ಅಳತೆ

ಅರವತ್ತೈದರ ಬೇಸಿಗೆ. ಜಯನಗರದಲ್ಲಿ ಮಾರ್ಕೆಟ್ ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಕ್ಯೂನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನಿಗೆ ಐವತ್ತು ದಾಟಿರಬೇಕು. ತಲೆಯ ಮೇಲೆ ಪೇಟ, ಕೈಯಲ್ಲಿ ಹೊಸ ಹೆಲ್ಮೆಟ್ಟು.

“ಈ ಬಿಸಿಲಲ್ಲಿ ನನ್ನನ್ಯಾಕೆ ಹೊರಡಿಸಿದ್ರಿ?” ಎಂದರು ಹೆಂಡತಿ.

“ನೀನು ಜೊತೇಲಿದ್ರೆ ಅಂಗಡಿಯವನು ಮಾತಾಡದೆ ಬದಲಾಯಿಸಿ ಕೊಡ್ತಾನೆ. ಇದು ಮೂಗಿನ ತನಕ ಇಳಿಯುತ್ತೆ ಕಣೇ. ದಾರಿ ಕಾಣದೆ ಮೋಟಾರ್ ಸೈಕಲ್ ಹೆಂಗೆ ಕಲೀಲಿ?”

“ಅವನು ಅಳತೆ ತಗೊಳ್ಳಲಿಲ್ವಾ?”

“ತಗೊಂಡ. ಪೇಟದ ಮೇಲೇ ತಗೊಂಡ.”

“ಪೇಟ ತೆಗೀಬೇಕಿತ್ತು.”

“ನಾಲ್ಕು ಜನದ ಮುಂದೆ ಬರೀ ತಲೇಲಿ ನಿಂತ್ಕೊಳ್ಳೋಕಾಗುತ್ತಾ?”

ಆಕೆ ನಿಟ್ಟುಸಿರು ಬಿಟ್ಟರು. ಹೆಲ್ಮೆಟ್ಟನ್ನು ಕಿತ್ತುಕೊಂಡು ತಲೆಗೆ ಹೊದ್ದ ಸೆರಗಿನ ಮೇಲೆಯೇ ಹಾಕಿಕೊಂಡರು. ತುರುಬೂ ಒಳಗೆ ಹಿಡಿಯಿತು.

“ಬದಲಾಯಿಸೋದು ಬೇಡ. ಇದು ನನಗಿರಲಿ, ನಿಮಗೆ ಬೇರೆ ತಗೊಳ್ಳಿ.”

“ನಿನಗ್ಯಾಕೆ? ಓಡಿಸೋನು ನಾನು.”

“ಹಿಂದೆ ಕೂರೋಳು ನಾನಲ್ವಾ?”

ಅಷ್ಟರಲ್ಲಿ ಬಸ್ಸು ಬಂತು. ಆಕೆ ಹೆಲ್ಮೆಟ್ಟು ತೆಗೆಯದೆಯೇ ಹತ್ತಿದರು. ಗಂಡ ಹಿಂದಿನಿಂದ, ಪೇಟ ಸರಿಮಾಡಿಕೊಳ್ಳುತ್ತ ಹತ್ತಿದರು.