ಅಸಲಿ ಸರ

ಮೊಬೈಲ್ ಕಳಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿದ್ದ ಎಲೆಕ್ಟ್ರಿಷಿಯನ್ನನ ಕಿವಿಗೆ, ಪಕ್ಕದ ಅಕ್ಕತಂಗಿಯರ ಪಿಸುಮಾತು ಬೇಡವೆಂದರೂ ಬೀಳುತ್ತಿತ್ತು.

“ಕದ್ದಿದ್ದು ನಾನೇ ಅಂತ ಕೆಲಸದವಳು ಒಪ್ಕೊಂಡಳು, ಸರಾನೂ ಸಿಕ್ತು. ಮತ್ಯಾಕಕ್ಕ ಮುಖ ಸಪ್ಪಗೆ?”

“ಅದು ಗಿಲೀಟಿಂದು ಕಣೆ. ಚಿನ್ನದ್ದನ್ನ ನಾನೇ ಮಾರಿ ಮೂರು ವರ್ಷ ಆಯ್ತು.”

“ಭಾವಂಗೆ ಗೊತ್ತಾ?”

“ಇಲ್ಲ. ಅವಳೇ ಬದಲಾಯಿಸಿದ್ದಾಳೆ ಅಂತ ಪೊಲೀಸರಿಗೆ ಹೇಳಿದ್ದಾರೆ. ಅಸಲಿ ಸರ ಎಲ್ಲಿ ಅಂತ ಪೊಲೀಸರು ಬೆಳಗ್ಗಿಂದ ಅವಳನ್ನ ಗದರಿಸ್ತಾ ಇದ್ದಾರೆ.”

“ಅವಳೇನಂತಾಳೆ?”

“ಅಮ್ಮಾವ್ರು ಸುಳ್ಳು ಹೇಳೋರಲ್ಲ, ಅವರನ್ನೇ ಕೇಳಿ ಅಂತಾಳಂತೆ.”

ಎಲೆಕ್ಟ್ರಿಷಿಯನ್ ತನ್ನ ಅರ್ಜಿಯೊಳಗೆ ಮುಖ ಹುದುಗಿಸಿದ. ಅಷ್ಟರಲ್ಲಿ ಒಳಗಿಂದ ಅಕ್ಕನಿಗೆ ಕರೆ ಬಂತು.

“ನಿಜ ಹೇಳ್ತೀಯ ತಾನೇ ಅಕ್ಕ?”

ಅಕ್ಕ ಎದ್ದಳು.

“ನಿಮ್ಮ ಭಾವನೂ ಒಳಗೇ ಕೂತಿದ್ದಾರೆ ಕಣೆ” ಎಂದು ತಲೆ ತಗ್ಗಿಸಿಕೊಂಡು ಒಳಗೆ ಹೋದಳು.