ಹಿತ್ತಿಲಿಗೆ ಹೋಗಿ ಬಂದ ಸಭೆ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಸಭೆಯಲ್ಲಿ ಬಾಯಿಯನ್ನೇ ಬಿಡದ ಸಾಹುಕಾರ. ಎಂಥ ವಿನಯ ನೋಡಿ! ಅವನು ಮಾತಾಡುತ್ತಿದ್ದುದೆಲ್ಲ ಪಂಚಾಯಿತಿ ಅಧ್ಯಕ್ಷನ ಹಿತ್ತಿಲಿನಲ್ಲಿ, ಸಭೆಯ ಹಿಂದಿನ ದಿನ, ತುಪ್ಪದ ಗಿಂಡಿ ಹಿಡಿದುಕೊಂಡು.

ಅದೇ ಊರಿನಲ್ಲಿ ಆಡು ಸಾಕಿ ಬದುಕುವ ಒಬ್ಬ ವಿಧವೆಯಿದ್ದಳು. ಅವಳ ಹನ್ನೆರಡು ಆಡುಗಳಿಗೂ ಊರಿನ ಗೋಮಾಳವೇ ಗತಿ. ಒಂದು ದಿನ ಅಧ್ಯಕ್ಷನ ಹಿತ್ತಿಲ ಬೇಲಿಯ ಪಕ್ಕ ಆಡು ಹೊಡೆದುಕೊಂಡು ಹೋಗುವಾಗ ಸಾಹುಕಾರನ ಮಾತು ಕಿವಿಗೆ ಬಿತ್ತು.

"ಗೋಮಾಳ ಸುಮ್ನೆ ಬಿದ್ದದೆ ಅಧ್ಯಕ್ಷರೇ. ನನ್ನ ಇಟ್ಟಿಗೆ ಗೂಡಿಗೆ ಕೊಟ್ರೆ ಊರಿಗೇ ಒಳ್ಳೇದು."

ಊರಿಗಂತೆ!

ಮಾರನೆಯ ದಿನ ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತಳು. "ಸಾಹುಕಾರ್ರು ಕೇಳ್ಬಾರ್ದು ಅನ್ನಕಿಲ್ಲ. ಕೇಳ್ಲಿ, ಎಲ್ರೂ ಕೇಳ್ಲಿ. ಆದ್ರೆ ಅಧ್ಯಕ್ಷರ ಮನೇಗೆ ಯಾರು ಹೋದ್ರು, ಏನು ಕೇಳಿದ್ರು, ಏನು ಕೊಟ್ರು ಅಂತ ಅವತ್ತೇ ಸಂಜೆಗೆ ಡಂಗುರ ಸಾರ್ಬೇಕು. ಮೊದ್ಲು ಈ ಕಟ್ಲೆ ಮಾಡಿ, ಆಮೇಲೆ ಗೋಮಾಳದ ಮಾತು."

ಸಾಹುಕಾರ ಅಧ್ಯಕ್ಷನತ್ತ ನೋಡಿದ. ಅಧ್ಯಕ್ಷ ಕೆಮ್ಮಿದ. "ಸರಿ, ಒಪ್ಪಿಗೆ ಇರೋರು ಕೈ ಎತ್ತಿ."

ಅವಳು ಕೈ ಎತ್ತಿ ಸುತ್ತಲೂ ನೋಡಿದಳು. ಇನ್ನೊಂದು ಕೈಯೂ ಎದ್ದಿರಲಿಲ್ಲ. ಪಕ್ಕದ ಮನೆಯ ಮುದುಕನನ್ನು ತಿವಿದಳು. "ಎತ್ತು ಮಾವ! ನಿನ್ನ ಹಸಾನೂ ಅಲ್ಲೇ ಮೇಯ್ತದಲ್ಲ?"

"ಮೇಯ್ತದೆ ಕಣವ್ವ," ಎಂದು ಅವನು ನೆಲ ನೋಡಿದ. "ಆದ್ರೆ ಮೊನ್ನೆ ನಾನೂ ಒಂದು ಹಲಸಿನಹಣ್ಣು ಹೊತ್ಕೊಂಡು ಅಧ್ಯಕ್ಷರ ಹಿತ್ತಿಲಿಗೆ ಹೋಗಿದ್ದೆ. ನಲ್ಲಿ ನಮ್ಮನೆ ಮುಂದಕ್ಕೇ ಬರ್ಲಿ ಅಂತ."

ಒಬ್ಬನದು ಹಲಸು, ಒಬ್ಬಳದು ಕೋಳಿ, ಇನ್ನೊಬ್ಬನದು ಬಾಳೆಗೊನೆ. ಹಲಸು ಹೊತ್ತವರೆಲ್ಲ ಸೇರಿ ತುಪ್ಪ ಹೊತ್ತವನನ್ನು ಕಾಪಾಡಿದರು! ವಾರದೊಳಗೆ ಗೋಮಾಳಕ್ಕೆ ಮುಳ್ಳುತಂತಿ ಬಿತ್ತು. ಅವಳು ಹನ್ನೆರಡು ಆಡುಗಳನ್ನೂ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದಳು.

ಸಾಹುಕಾರನನ್ನು ಬೈದುಕೊಂಡು ತಲೆಯಾಡಿಸುತ್ತಿದ್ದೀರಲ್ಲ, ಸಾಕು ಮಾಡಿ. ಆ ತಂತಿ ಎಳೆದುಕೊಟ್ಟವರು ಯಾರು? ನಿಮ್ಮಂಥ ಮರ್ಯಾದಸ್ಥರೇ. ಮಗುವಿಗೆ ಶಾಲೆಯಲ್ಲಿ ಸೀಟು ಬೇಕೆಂದರೆ ಯಾರ ಕಿವಿ ಹುಡುಕುತ್ತೀರಿ? ಆಸ್ಪತ್ರೆಯ ಸಾಲಿನಲ್ಲಿ ಮುಂದೆ ನುಗ್ಗಲು ಯಾರ ಹೆಸರು ಹೇಳುತ್ತೀರಿ? ಅದು ಲಂಚವಲ್ಲ, ಪರಿಚಯ, ಅಲ್ಲವೇ? ಥೂ!

ನಾಳೆಯಿಂದ ಇಷ್ಟು ಮಾಡಿ. ಅಧಿಕಾರದಲ್ಲಿರುವವರ ಬಳಿ ಕೇಳಲು ಹೋಗುವಾಗ ನೆರೆಯವನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವನೆದುರು ಕೇಳಲು ನಾಚಿಕೆಯಾಗುವುದನ್ನು ಕೇಳಲೇಬೇಡಿ. ಬರಿಗೈಯಲ್ಲಿ ಹೋಗಿ. ಹಾಗೆ ಹೋಗಿ ಬಂದ ಕೈ ಮಾತ್ರ ಸಭೆಯಲ್ಲಿ ಮೇಲೇಳುತ್ತದೆ.