ಹಿಂಡಿನ ಡಾಕ್ಟ್ರು

ಅಲ್ರೀ ಮೇಡಮ್ಮಾರೆ, ಮತ್ತ ಅದನ್ನ ಕೇಳ್ತೀರಲ್ಲ! ಧೂಳು ಬಿದ್ದೈತಿ ಅಂತ ಹೇಳಿದ್ನಲ್ಲ. ಕುರಿ ಹಿಂದ ತಿರುಗೋ ಕೂಸು, ಕಣ್ಣಾಗ ಧೂಳು ಬೀಳದೇ ಮಲ್ಲಿಗಿ ಹೂವು ಬೀಳ್ತಾವನು? ಒಂದು ಕಣ್ಣಿನ ಡ್ರಾಪ್ಸ್ ಬರದು ಕೊಡ್ರಿ ಸಾಕು. ಬಿಸಿಲು ಏರೋದ್ರಾಗ ನಾವು ಹೊಳಿ ದಂಡಿ ಮುಟ್ಟಬೇಕು.

ಯಾಕ್ರೀ ನಗ್ತೀರಿ? ನಗ್ರಿ, ನಗ್ರಿ... ಶಾಂಭವಿ ಮೇಡಮ್ಮ ನಗಂಗೇ ಇಲ್ಲ ಅಂತ ಹೊರಗ ನರ್ಸಮ್ಮ ಹೆದರಿಸಿದ್ಲು. ಸುಳ್ಳು ಆತು ನೋಡ್ರಿ.

ನಾನಾ? ನಾನು ಓಬಳೇಶ, ಕೂಸಿನ ಸೋದರಮಾವ. ಇಕಿ ನಮ್ಮಕ್ಕ ಸೌಭಾಗ್ಯ, ಹಡದಾಕಿ. ಅಕಿನ್ನ ಏನೂ ಕೇಳಬ್ಯಾಡ್ರಿ, ಅತ್ತು ಅತ್ತು ಗಂಟಲು ಕಟ್ಟೈತಿ. ಕೂಸಿನ ಹೆಸರು ಮೈಲಪ್ಪ. ನಮ್ಮ ದೇವರ ಹೆಸರು. ಊರು ಕೂಡ್ಲಿಗಿ ಕಡಿ... ಊರು ಅಂತ ಹೇಳಾಕ ಒಂದು ಐತಿ ಅಷ್ಟ. ವರ್ಷದಾಗ ಮುಕ್ಕಾಲು ಪಾಲು ಕುರಿ ಜೋಡಿ ಹೊಲದಾಗ ಇರ್ತೀವಿ. ಈಗ ಮಾಗಳದ ಹೊಳಿ ಹತ್ರ ಸುತ್ತ ಬಲಿ ಕಟ್ಟಿ, ದೊಡ್ಡಿ ಮಾಡಿ ಕುರಿ ನಿಲ್ಲಿಸೀವಿ.

ಏನಂದ್ರಿ? ಅಂಗನವಾಡಿ? ಹ್ಹ! ಊರಾಗ ಹೆಸರು ಐತ್ರಿ, ಕೂಸು ಇಲ್ಲ. ಹೋದಲ್ಲಿ ಕೂಸು ಐತಿ, ಹೆಸರು ಇಲ್ಲ. ಹಿಂದ ಕುರಿ ನಿಲ್ಲಿಸಿದ್ದ ಊರಾಗ ಅಕ್ಕ ಇವನ್ನ ಎತ್ಕೊಂಡು ಹೋಗಿದ್ಲು, ಹೊಟ್ಟಿ ಹುಳದ ಗುಳಿಗಿ ಕೊಡೋ ದಿನ. 'ನಿಮ್ಮೂರಾಗ ತಗೊಳ್ರವ್ವಾ' ಅಂತ ಕಳಿಸಿದ್ರಂತ. ಒಂದು ಗುಳಿಗಿರೀ! ಅದಕ್ಕ ನಾನು ಅಂದೆ, ಯಾರ ಬಾಗಿಲಿಗೂ ಹೋಗಬ್ಯಾಡ, ನಾ ಇದೀನಲ್ಲ ಅಂತ.

ಹೂಂ, ನಾನ. ಯಾಕ, ನಂಬಿಕಿ ಬರವಲ್ದಾ? ಹಿಂಡಿನ್ಯಾಗ ನನಗ ಏನಂತ ಕರೀತಾರ ಗೊತ್ತನ? ಡಾಕ್ಟ್ರು! ನೀವು ಹಡಗಲಿ ಡಾಕ್ಟ್ರು, ನಾನು ಹಿಂಡಿನ ಡಾಕ್ಟ್ರು. ಮರಿ ಅಡ್ಡ ಸಿಕ್ಕೊಳ್ಳಲಿ, ಹೊಟ್ಟಿ ಉಬ್ಬಲಿ, ಗೊರಸು ಕೊಳೀಲಿ, 'ಕರೀರಿ ಓಬಳೇಶನ್ನ'! ನಮ್ಮ ಯಜಮಾನ ಜಂಬಯ್ಯ ಹೆತ್ತ ಮಗನ್ನ ನಂಬಂಗಿಲ್ರಿ, ನನ್ನ ಕೈ ನಂಬ್ತಾನ. ಮರಿ ಹಿಂಗ ಎತ್ತಿದ್ನಿ ಅಂದ್ರ ತೂಕ ಹೇಳ್ತೀನಿ. ತಕ್ಕಡಿ ತರ್ರಿ, ಬೇಕಾದ್ರ ಪಂಥ ಕಟ್ತೀನಿ...

ಅಯ್ಯ, ಬ್ಯಾಟ್ರಿ ಯಾಕ್ರೀ ಕಣ್ಣಿಗೆ ಹಿಡೀತೀರಿ? ಅಂಜ್ತಾನ ಅವ.

...ಅಂಜಲಿಲ್ಲ ಬಿಡ್ರಿ. ಗಟ್ಟಿ ಅದಾನ, ನಮ್ಮ ವಂಶ! ಕಣ್ಣು ಮಿಟುಕಿಸಲೂ ಇಲ್ಲ ನೋಡ್ರಿ.

ಬಿಸ್ಕತ್ತಾ? ಕೊಡ್ರಿ, ಕೊಡ್ರಿ. ಮೈಲ್ಯಾ, ತಗೋಪ್ಪ, ಮೇಡಮ್ಮ ಕೊಡ್ತಾರ. ಅಲ್ಲಿ ಅಲ್ಲಲೇ, ಇಲ್ಲಿ... ಈ ಕಡಿ. ಲೇ, ಗಾಳಿ ಯಾಕ ಹಿಡೀತಿ? ಮುಂದ ಐತಲ್ಲಲೇ!

ನಿದ್ದಿಗಣ್ಣಾಗ ಅದಾನ್ರಿ. ನಸುಕಿನ್ಯಾಗ ಎಬ್ಬಿಸಿ ಬೈಕ್ ಮ್ಯಾಲ ಹಾಕ್ಕೊಂಡು ಬಂದೀನಿ. ನಿನ್ನಿಯಿಂದ ಹಿಂಗ... ಬಲಿಗೆ ಡಿಕ್ಕಿ ಹೊಡಿಯೋದು, ರೊಟ್ಟಿ ಕೊಟ್ರ ತಡಕೋದು. ಅವ್ವ ಎದುರಿಗೆ ಕುಂತಿದ್ರ 'ಅವ್ವಾ, ಎಲ್ಲಿ ಅದಿ' ಅನ್ನೋದು. ಆಟ ಆಡ್ತಾನ ಅನ್ಕೊಂಡ್ನಿ. ಹುಡುಗರು ಆಡಂಗಿಲ್ಲನು, ಕಣ್ಣು ಕಟ್ಕೊಂಡು?

ಔಷಧಿ ಏನೂ ಕೊಟ್ಟಿಲ್ರಿ. ಏನೂ ಇಲ್ಲ... ಬರೇ ಹುಳದ್ದು.

ಹುಳದ್ದು ಅಂದ್ರ ಹುಳದ್ದು! ಹೊಟ್ಟಿ ಹಿಂಗ ಡೊಳ್ಳಾಗಿತ್ತು, ಕೈ ಕಾಲು ಕಡ್ಡಿ. ಕಣ್ಣಿಗೆ ಕಾಣೋವಂಥ ಹುಳ ಬೀಳ್ತಿದ್ದವು. ಕುಡಿಸಿದ ಮರುದಿನ ಎಷ್ಟು ಬಿದ್ದವು ಅಂತೀರಿ! ಅಕ್ಕನ್ನ ಕೇಳ್ರಿ... ಬ್ಯಾಡ, ಕೇಳಬ್ಯಾಡ್ರಿ. ನಾ ಹೇಳ್ತೀನಲ್ಲ.

ಬಾಟ್ಲಿ ಐತ್ರಿ, ಯಾಕ ಇರಂಗಿಲ್ಲ? ತಗೊಳ್ರಿ, ನೋಡ್ರಿ. ಮುಚ್ಚಿಡಾಕ ನನಗೇನು ಅಂಜಿಕಿ? ಹೂಂ, ಮ್ಯಾಲ ಕುರಿ ಚಿತ್ರ ಐತಿ. ಐತಿ! ಹುಳ ಕುರಿ ಹೊಟ್ಟ್ಯಾಗ ಇದ್ರೂ ಹುಳನ, ಕೂಸಿನ ಹೊಟ್ಟ್ಯಾಗ ಇದ್ರೂ ಹುಳನ. ಅಂದಾಜಿಗೆ ಸುರುವೀನಿ ಅನ್ಕೋಬ್ಯಾಡ್ರಿ ಮತ್ತ! ಎತ್ತಿ ನೋಡೀನಿ. ಹಾಲು ಬಿಟ್ಟ ಮರಿ ಎಷ್ಟು ತೂಗ್ತೈತೋ ಅಷ್ಟ ತೂಗ್ತಾನ ಇವ. ಮರಿಗೆ ಎಷ್ಟೋ ಅಷ್ಟ ಹಾಕೀನಿ, ಒಂದು ಹನಿ ಹೆಚ್ಚಿಲ್ಲ. ದವಡಿ ಸಂದ್ಯಾಗ ಬೆರಳು ಇಟ್ಟು ಮೆಲ್ಲಕ ಬಿಟ್ಟೀನಿ, ಕೆಮ್ಮಲಿಲ್ಲ, ಉಗುಳಲಿಲ್ಲ. ಯಾವ ನರ್ಸಮ್ಮ ಹಂಗ ಕುಡಿಸ್ತಾಳ?

...ಮೇಡಮ್ಮಾರೆ?

ಎಷ್ಟೊತ್ತು ಓದ್ತೀರಿ ಆ ಬಾಟ್ಲೀನ? ಏನು ಬರದೈತಿ? ಇಂಗ್ಲಿಷ್ ನನಗ ಬರಂಗಿಲ್ಲ, ಅದೊಂದು ಬಿಟ್ರ...

ಕಣ್ಣಿಗಾ? ಹೊಟ್ಟಿಗೆ ಕುಡಿಸಿದ್ದು ಕಣ್ಣಿಗೆ ಹೆಂಗ ಹೋಗ್ತೈತ್ರಿ? ಕುರಿಗೇನೂ ಆಗಿಲ್ಲ! ನೂರಾರು ಕುರಿ ಕುಡದಾವು, ಎಲ್ಲಾ ಕಣ್ಣು ಬಿಟ್ಕೊಂಡು ಮೇಯ್ತಾವು... ಹಂಗ ನೋಡಬ್ಯಾಡ್ರಿ ನನ್ನ. ಇವಂಗ ಕಾಣ್ತೈತಿಲ್ಲ ಮತ್ತ? ಕಾಣಂಗ ಮಾಡ್ತೀರಿಲ್ಲ? ಬಳ್ಳಾರಿಗೆ ಕಳಸ್ರಿ, ಹುಬ್ಬಳ್ಳಿಗೆ ಕಳಸ್ರಿ. ಇವತ್ತ ಕಳಸ್ರಿ. ಲಗೂನ ಬಂದ್ರ ಒಂದೀಟು ಆಸೆ ಐತಿ ಅಂದ್ರ... ಅಷ್ಟ ಸಾಕ್ರಿ. ಒಂದೀಟ ಸಾಕು.

ಅಕ್ಕಾ, ಅಳಬ್ಯಾಡ. ಮೇಡಮ್ಮ ಆಸೆ ಐತಿ ಅಂದ್ರಲ್ಲ.

ಏನ್ರೀ, ಕೂದಲು ಯಾಕ ಎತ್ತಿ ನೋಡ್ತೀರಿ? ಕುತ್ತಿಗಿ ಹಿಂದಾ? ಏಟು ಬಿದ್ದಿಲ್ಲ, ರಕ್ತ ಅಲ್ಲ ಅದು, ಬಣ್ಣ. ಕೆಂಪು ಬಣ್ಣ. ಏನಿಲ್ಲ ಬಿಡ್ರಿ. ನಮ್ಮ ಪದ್ಧತಿರೀ. ಹಿಂಡಿಗೆ ಔಷಧಿ ಹಾಕೋವಾಗ ಕುಡಿಸಿದ ಕುರಿಗೆ ಒಂದು ಬೊಟ್ಟು ಹಚ್ಚಿ ಬಿಡ್ತೀವಿ. ಇಲ್ಲಂದ್ರ ಯಾವುದು ಕುಡದೈತಿ, ಯಾವುದು ಉಳದೈತಿ ಹೆಂಗ ತಿಳೀಬೇಕು? ಎಲ್ಲಾ ಒಂದ ಕಡಿ ಗುಂಪಾಗಿ...

...

ಮತ್ಯಾಕ ಅವನ ಕುತ್ತಿಗಿ ನೋಡ್ತೀರಿ?

ಮೇಡಮ್ಮಾರೆ, ಬೈಯ್ರಿ ಬೇಕಾದ್ರ. ಪೆನ್ನು ಯಾಕ ಕೆಳಗಿಟ್ರಿ?

ಗೊತ್ತಾಗಲಿ ಅಂತ ಹಚ್ಚಿದ್ದು ಅಷ್ಟ. ಆಟಕ್ಕ. ಇವನೊಬ್ಬಂಗ... ಇವನೊಬ್ಬಂಗ ಹಚ್ಚೀನಿ. ಒಬ್ಬಂಗ ಹಚ್ಚಬಾರದೇನ್ರಿ? ಅಕ್ಕಾ, ನೀ ಯಾಕ ತಲಿ ಕೆಳಗ ಹಾಕ್ತಿ? ಹೇಳು ಮೇಡಮ್ಮಗ, ಒಬ್ಬಂಗ ಅಂತ...

...

ಅವರಾಗೇ ಬಂದ್ರು ರೀ. ನಾ ಕರದಿಲ್ಲ. ಇವನ ಹುಳ ಬಿದ್ದದ್ದು ನೋಡಿ ನಮ್ಮ ಹಿಂಡಿನ ಭರಮಮ್ಮ ತನ್ನ ಎರಡೂ ಕೂಸು ತಂದ್ಲು. ಅಕಿನ್ನ ನೋಡಿ ಉಳದವರು. 'ಡಾಕ್ಟ್ರೇ, ನಮ್ಮದಕ್ಕೂ ಹಾಕು' ಅಂತ ಸಾಲಾಗಿ ನಿಂತ್ರು. ಕೂಸುಗೋಳು ನಗ್ತಿದ್ದವು, ಬಣ್ಣ ಹಚ್ಚಿಸಿಕೊಳ್ಳಾಕ ನಾ ಮುಂದು ತಾ ಮುಂದು... ನಿನ್ನಿ ಸಂಜಿ. ರಾತ್ರಿ ಮಲಗೋ ತನಕ ಎಲ್ಲಾ ಆರಾಮ ಆಡ್ತಿದ್ದವು ರೀ. ಕಣ್ಣು ಕಾಣ್ತಿದ್ದವು. ದೇವರಾಣಿ.

ಫೋನ್ ಹತ್ತಂಗಿಲ್ರಿ ಅಲ್ಲಿ. ಹಿಂಡು ಇವತ್ತು ಬಲಿ ಕಿತ್ತು ತೆಲಿಗಿ ಕಡಿ ಹೊಂಟಿರ್ತೈತಿ. ರಸ್ತಿ ಹಿಡಿಯಂಗಿಲ್ಲ, ಹೊಲದಾಗ ಹಾಯ್ತಾರ. ನೀವು ಯಾರನ್ನ ಕಳಿಸಿದ್ರೂ ಸಿಗಂಗಿಲ್ಲ, ನಾನ ಬರಬೇಕು. ಗಾಡಿ ತೆಗಸ್ರಿ. ದೊಡ್ಡ ಗಾಡಿ. ಅಕ್ಕಾ, ನೀ ಮೈಲ್ಯಾನ ಹಿಡ್ಕೊಂಡು ಇಲ್ಲೇ ಇರು, ಮೇಡಮ್ಮ ಹೇಳಿದಂಗ ಮಾಡು.

ಯಾವ ಯಾವ ಕೂಸು ಅಂತೀರಾ? ಕೂದಲು ಎತ್ತಿ ಬಣ್ಣ ನೋಡ್ಕೊಂತ ಕುಂದ್ರಬ್ಯಾಡ್ರಿ, ಹೊತ್ತು ಹೋಗ್ತೈತಿ. ಸಿಕ್ಕದ್ದನ್ನೆಲ್ಲ ಹತ್ತಸ್ರಿ ಗಾಡಿಗೆ. ತೊಡಿ ಮ್ಯಾಲಿನ ಕೂಸು ಸುದ್ದಾ.

ಒಬ್ಬರನ್ನೂ ಬಿಟ್ಟಿಲ್ರಿ ನಾನು.